ಕಾರ್ಡಲ್ಲಿರೋದೇ ಉತ್ತರಾನಾ?

‘ಕನ್ನಡದ ಕೋಟ್ಯಧಿಪತಿ’ ಬರ್ತಿದ್ದ ಕಾಲಕ್ಕೆ ನಮ್ಮನೇಲಿ ರಾತ್ರಿ ಊಟ ಟಿವಿ ಮುಂದೇನೇ. ಪುನೀತ್ ರಾಜ್‌ಕುಮಾರ್ ಪ್ರಶ್ನೆ ಓದಿ ಮುಗಿಸೋದ್ರೊಳಗೆ ನಮ್ಮತ್ತೆ ಉತ್ತರ ಹೇಳಿಬಿಡೋರು. ಅದು ತಪ್ಪಾದ್ರೆ, “ಅವ್ರ ಕಂಪ್ಯೂಟರ್ರೇ ಸರಿ ಇಲ್ಲ ಬಿಡವ್ವ” ಅನ್ನೋರು. ನಾವೆಲ್ಲ ನಗ್ತಿದ್ವಿ. ಹೋದ ವರ್ಷದಿಂದ ಆ ಮಾತಿಗೆ ನಗು ಬರ್ತಿಲ್ಲ.

ಎಂಟನೇ ಕ್ಲಾಸಿನ ನನ್ನ ಮಗಳು ಪರ ಊರಲ್ಲಿ ಒಂದು ಕ್ವಿಜ್‌ಗೆ ಹೋಗಿದ್ದಳು. ಟಿವಿಯಲ್ಲಿದ್ದಂಗೇ ನಾಲ್ಕು ಆಯ್ಕೆ, ಒತ್ತೋಕೆ ಬಝರ್. ಕೊನೇ ಪ್ರಶ್ನೆ: ಇವುಗಳಲ್ಲಿ ದಾವಣಗೆರೆ ಜಿಲ್ಲೆಗೆ ಸೇರದ ತಾಲ್ಲೂಕು ಯಾವುದು? ಜಗಳೂರು, ಚನ್ನಗಿರಿ, ಹರಪನಹಳ್ಳಿ, ನ್ಯಾಮತಿ.

“ಹರಪನಹಳ್ಳಿ” ಅಂದಳು. ಕಾರ್ಡಲ್ಲಿ ಇದ್ದದ್ದು “ನ್ಯಾಮತಿ”. ಗೋವಿನಕೋವಿ ಹುಡುಗಿಗೆ ನಿನ್ನ ತಾಲ್ಲೂಕೇ ಇಲ್ಲ ಅಂದ ಹಾಗಾಯ್ತು! “ಸರ್, ನಮ್ಮೂರು ನ್ಯಾಮತಿ ತಾಲ್ಲೂಕೇ” ಅಂದಿದ್ದಕ್ಕೆ “ಪುಸ್ತಕದಲ್ಲಿ ಹೀಗಿದೆಯಮ್ಮ” ಅಂದರಂತೆ. ಐದು ಅಂಕದಲ್ಲಿ ಬಹುಮಾನ ಹೋಯ್ತು. ಬಸ್ಸಲ್ಲಿ ಮನೆ ತಲುಪೋವರೆಗೂ ಒಂದು ಮಾತಿಲ್ಲ.

ಪುಸ್ತಕ ಸುಳ್ಳೇನಲ್ಲ, ಹಳೇದು. 1997ರ ಆಗಸ್ಟ್‌ವರೆಗೆ ಗೋವಿನಕೋವಿ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಆಮೇಲೆ ಜಿಲ್ಲೆ ದಾವಣಗೆರೆ ಆಯ್ತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ ನಮ್ಮ ತಾಲ್ಲೂಕೂ ಬದಲಾಯ್ತು. ಅತ್ತ ಹರಪನಹಳ್ಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ತಮಾಷೆ ಏನಂದ್ರೆ ಜಿಲ್ಲೆಯಲ್ಲಿ ತಾಲ್ಲೂಕು ಆಗಲೂ ಆರು, ಈಗಲೂ ಆರು. ಲೆಕ್ಕ ನೋಡಿದವರಿಗೆ ಬದಲಾಗಿದ್ದು ಗೊತ್ತೇ ಆಗಲ್ಲ.

ದೊಡ್ಡ ಶೋಗಳಲ್ಲೂ ಇಂಥ ತಕರಾರು ಎದ್ದಿದೆ. 2021ರಲ್ಲಿ ಹಿಂದಿಯ ಕೆಬಿಸಿಯಲ್ಲಿ, ಸಂಸತ್ತಿನ ಕಲಾಪ ಸಾಮಾನ್ಯವಾಗಿ ಯಾವುದರಿಂದ ಶುರುವಾಗುತ್ತೆ ಅಂತ ಕೇಳಿದರು. ಅವರ ಉತ್ತರ ಪ್ರಶ್ನೋತ್ತರ ವೇಳೆ. ಲೋಕಸಭೆಗೆ ಅದು ಸರಿ. ರಾಜ್ಯಸಭೆಯಲ್ಲಿ ಮೊದಲು ಶೂನ್ಯವೇಳೆ, ಪ್ರಶ್ನೋತ್ತರ ಮಧ್ಯಾಹ್ನ ಹನ್ನೆರಡಕ್ಕೆ. ನೋಡುಗರೊಬ್ಬರು ಆಕ್ಷೇಪ ಎತ್ತಿದರು, ಸಿದ್ಧಾರ್ಥ ಬಸು ತಪ್ಪೇನಿಲ್ಲ ಅಂದರು. ನನ್ನ ಕೇಳಿದ್ರೆ, ಯಾವ ಸದನ ಅಂತ ಹೇಳಬೇಕಿತ್ತು.

ಹಾಟ್ ಸೀಟಲ್ಲಿ ಕೂತವರಿಗೆ ಇದು ಬರೀ ಹಟದ ಮಾತಲ್ಲ. ಕೆಬಿಸಿಯ ಎಷ್ಟೋ ಸೀಸನ್‌ಗಳಲ್ಲಿ 25 ಲಕ್ಷದ ಪ್ರಶ್ನೆಗೆ ತಪ್ಪು ಹೇಳಿದ್ರೆ 3 ಲಕ್ಷ 20 ಸಾವಿರಕ್ಕೆ ಇಳೀಬೇಕಿತ್ತು. ಹೇಳದೇ ಎದ್ದುಬಂದ್ರೆ ಹನ್ನೆರಡೂವರೆ ಲಕ್ಷ ಕೈಗೆ. ಅಂದ್ರೆ ಒಂದು ಮಾತಿಗೆ 9 ಲಕ್ಷ 30 ಸಾವಿರ, ಒಂದು ಮನೆ ಸಾಲವೇ ತೀರುವಷ್ಟು. ಪ್ರಶ್ನೆಯಲ್ಲೇ ಐಬಿದ್ದು ಅಷ್ಟು ಹೋದರೆ?

ಅಮೆರಿಕದಲ್ಲಿ ಹಾಗಾಗಿ, ಸರಿಯೂ ಆಗಿದೆ. 2001ರಲ್ಲಿ ಎಡ್ ಟೌಟಂಟ್ ಅನ್ನೋರು ನೀರು ಬೇಕಾದಾಗ ಹೊಳೆಯೋ ತರಕಾರಿ ಯಾವುದು ಅನ್ನೋ ಪ್ರಶ್ನೆಗೆ ಟೊಮೇಟೊ ಅಂತ ಹೇಳಿ ಸೋತರು. ಪ್ರಶ್ನೆಯೇ ಸರಿ ಇರಲಿಲ್ಲ ಅಂತ ಆಮೇಲೆ ಗೊತ್ತಾಗಿ ಮತ್ತೆ ಕರೆಸಿದರು. ಆ ಸಲ 18 ಲಕ್ಷ 60 ಸಾವಿರ ಡಾಲರ್ ಗೆದ್ದರು!

ಈ ಕಥೆ ಹೇಳಿದ ಮೇಲೆ ಮಗಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಅತ್ತೆ ಟ್ರಂಕ್ ತೆಗೆದು ಹಳೇ ಪಹಣಿ ಹುಡುಕಿದರು. ಅದರಲ್ಲಿ ಹೊನ್ನಾಳಿ ತಾಲ್ಲೂಕು. ಈ ವರ್ಷದ್ದರಲ್ಲಿ ನ್ಯಾಮತಿ. ಎರಡರ ಫೋಟೋ ತೆಗೆದು, ಒಂದು ಪತ್ರ ಬರೆದು, ಕ್ವಿಜ್ ನಡೆಸಿದವರಿಗೆ ಮಗಳೇ ಕಳಿಸಿದ್ದಾಳೆ. ಬಹುಮಾನ ಬೇಡವಂತೆ, ಕಾರ್ಡ್ ತಿದ್ದಿದ್ರೆ ಸಾಕಂತೆ.

ಇನ್ನೂ ಉತ್ತರ ಬಂದಿಲ್ಲ.