ಅಂಗಳಕ್ಕೆ ಬಂದ ಮರಳುನೊಣ

ಬಿಹಾರದ ಹಳ್ಳಿಗಳನ್ನು ಬಹುಕಾಲ ಕಾಡಿದ ಕಾಲಾ ಅಜಾರ್ ಕೇವಲ ಹಳ್ಳಿಗಾಡಿನ ರೋಗವೆಂಬ ಭಾವನೆ ನಮ್ಮಲ್ಲಿದೆ. ಬ್ರೆಜಿಲ್ ದೇಶದ ತೆರೆಸಿನಾ ನಗರವು 1980ರ ದಶಕದ ಆರಂಭದಲ್ಲಿಯೇ ಇದನ್ನು ಸುಳ್ಳಾಗಿಸಿತು. ಬರಗಾಲದಿಂದ ಕಂಗೆಟ್ಟ ಗ್ರಾಮೀಣರು ಬಂದು ನೆಲೆಸಿದ ಆ ನಗರದ ಅಂಚಿನ ಬಡಾವಣೆಗಳಲ್ಲಿ ಈ ರೋಗವು ವ್ಯಾಪಕವಾಗಿ ಹಬ್ಬಿತು. ದೀರ್ಘ ಜ್ವರ, ಗುಲ್ಮದ ಊತ, ರಕ್ತಹೀನತೆ ಇದರ ಲಕ್ಷಣಗಳು; ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ.

ವಲಸೆ ಬಂದ ಬಡವರ ಮೇಲೆ ದೋಷ ಹೊರಿಸುವುದು ಸುಲಭ. ಆದರೆ ರೋಗ ಹರಡುವ ಮರಳುನೊಣಕ್ಕೆ ನೆಲೆಯೊದಗಿಸಿದ್ದು ನಗರವೇ. ಎರಡು-ಮೂರು ಮಿಲಿಮೀಟರ್ ಉದ್ದದ ಈ ಕೀಟವು ಸೊಳ್ಳೆಯಂತೆ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ತೇವದ ಮಣ್ಣು, ಕೊಳೆತ ಎಲೆ, ಕೋಳಿಗೂಡಿನ ಹಿಕ್ಕೆ ಇದ್ದರೆ ಇದರ ಮರಿಹುಳುಗಳು ಬೆಳೆಯುತ್ತವೆ. ಕಾಡುಪ್ರಾಣಿಗಳಿಲ್ಲದಿದ್ದರೂ ಕೋಳಿ, ನಾಯಿ, ಮನುಷ್ಯರ ರಕ್ತ ಇದಕ್ಕೆ ಸಾಕು. ನಾಯಿಯ ದೇಹದಲ್ಲಿ ನೆಲೆಸಿದ ರೋಗಾಣು ಇದರ ಮೂಲಕವೇ ಮನುಷ್ಯನಿಗೆ ದಾಟುತ್ತದೆ. ಸಾಮಾನ್ಯ ಸೊಳ್ಳೆಪರದೆಯ ರಂಧ್ರಗಳಲ್ಲಿಯೂ ಇದು ನುಸುಳಬಲ್ಲದು.

ಆದ್ದರಿಂದ ಕೀಟನಾಶಕದ ಸಿಂಪಡಣೆಯೊಂದನ್ನೇ ನೆಚ್ಚಿದರೆ ಸಾಲದು. ಕಸ ವಿಲೇವಾರಿ, ಚರಂಡಿ, ಬಿರುಕಿಲ್ಲದ ಗೋಡೆಯ ಮನೆ ಇವು ಕಟ್ಟಕಡೆಯ ಕುಟುಂಬಕ್ಕೂ ದೊರೆಯಬೇಕು. ಅಂಚಿನವರ ಅಂಗಳ ಶುಚಿಯಾಗದೆ ಊರಿನ ನಡುಮನೆಗೆ ಕ್ಷೇಮವಿಲ್ಲ.