ಹುಳುವಿನ ಅಣು ಮದ್ದಾದೀತೇ?

ಪರ

ಬ್ಯಾಕ್ಟೀರಿಯಾ ಒಳಹೊಕ್ಕರೆ ಗಂಟೆಗಳಲ್ಲೇ ಮುಗಿಬೀಳುವ ನಮ್ಮ ದೇಹ, ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಕೊಕ್ಕೆಹುಳುವನ್ನು ಕರುಳಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ಇಂಥ ಹುಳುಗಳು ಸ್ರವಿಸುವ ಅಣುಗಳೇ ದೇಹದ ಕಾವಲನ್ನು ತಣ್ಣಗಾಗಿಸುತ್ತವೆ. ಇಲಿಯ ಕರುಳಿನಲ್ಲಿ ಬಾಳುವ ಒಂದು ಹುಳುವಿನಲ್ಲಿ ವಿಜ್ಞಾನಿ ರಿಕ್ ಮೈಜೆಲ್ಸ್ ಅವರ ತಂಡ ಗುರುತಿಸಿ 2017ರಲ್ಲಿ ವರದಿ ಮಾಡಿದ ಟಿಜಿಎಂ ಎಂಬ ಪ್ರೋಟೀನನ್ನೇ ನೋಡಿ. ಉರಿಯೂತ ತಗ್ಗಿಸುವ ನಮ್ಮದೇ ಟಿಜಿಎಫ್-ಬೀಟಾಗೂ ಇದಕ್ಕೂ ವಂಶದ ನಂಟೇ ಇಲ್ಲ. ಆದರೂ ಅದೇ ಗ್ರಾಹಕಕ್ಕೆ ಹೋಗಿ ಅಂಟಿಕೊಂಡು, ದಾಳಿಗಿಳಿಯಬಹುದಾದ ಟಿ ಕೋಶಗಳನ್ನು ಶಾಂತಿಪಾಲಕ ಕೋಶಗಳಾಗಿ ಮಾರ್ಪಡಿಸುತ್ತದೆ. ಅದೇ ಹುಳುವಿನ ಇನ್ನೊಂದು ಪ್ರೋಟೀನಿನ ಕೆಲಸ ಇನ್ನೂ ಅಚ್ಚರಿಯದು. ಗಾಯಗೊಂಡು ಸತ್ತ ಕೋಶದಿಂದ ಅಪಾಯದ ಕೂಗಿನಂತೆ ಹೊರಬೀಳಬೇಕಾದ ಐಎಲ್-33 ಅನ್ನು ಅದು ಆ ಕೋಶದ ಡಿಎನ್‌ಎಗೇ ಕಟ್ಟಿಹಾಕುತ್ತದೆ. ಅಸ್ತಮಾದಲ್ಲಿ ಶ್ವಾಸನಾಳ ಊದಿಸುವುದರಲ್ಲಿ ಈ ಐಎಲ್-33ರ ಪಾಲು ದೊಡ್ಡದು. ಹಾಗಾದರೆ ರೋಗಿಗೆ ಹುಳು ನುಂಗಿಸಬೇಕೇ ಎಂದು ಕೇಳಬಹುದು. ಬೇಕಿಲ್ಲ. ಹುಳುವೊಂದರ ಇಎಸ್-62 ಎಂಬ ಪ್ರೋಟೀನ್ ಇಲಿಗಳ ಸಂಧಿವಾತವನ್ನು ತಗ್ಗಿಸುವುದು ಅದಕ್ಕಂಟಿದ ಫಾಸ್ಫೊರಿಲ್‌ಕೋಲಿನ್ ಎಂಬ ಸಣ್ಣ ತುಣುಕಿನಿಂದ. ಅದನ್ನು ಹೋಲುವ ಅಣುಗಳನ್ನು ಪ್ರಯೋಗಾಲಯದಲ್ಲೇ ತಯಾರಿಸಲಾಗಿದೆ.

ವಿರೋಧ

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕಲ್ಲ. 2005ರಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ 29 ರೋಗಿಗಳಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆ ಕುಡಿಸಿದಾಗ ಬಹುಪಾಲು ಜನ ಸುಧಾರಿಸಿದರು. ಆದರೆ ಅಲ್ಲಿ ಹೋಲಿಸಿ ನೋಡಲು ಹುಸಿಮದ್ದಿನ ಗುಂಪೇ ಇರಲಿಲ್ಲ. ಮುಂದೆ ಅಂಥ ಗುಂಪಿಟ್ಟು ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಮೊಟ್ಟೆ ಹುಸಿಮದ್ದನ್ನು ಮೀರಿಸಲಿಲ್ಲ. ಸೋತದ್ದು ಹಂದಿಯ ಹುಳು, ಶುದ್ಧ ಅಣುವಲ್ಲ ಎಂಬ ಸಮಜಾಯಿಷಿಯಲ್ಲಿ ಹುರುಳಿದೆ, ಒಪ್ಪುತ್ತೇನೆ. ನನ್ನನ್ನು ಕಾಡುವುದು ಅದಲ್ಲ. ಈ ಅಣು ವಿಕಾಸಗೊಂಡಿರುವುದು ಹುಳುವಿನ ಹಿತಕ್ಕೆ. ಅಲರ್ಜಿಯನ್ನಷ್ಟೇ ಆರಿಸಿ ತಣಿಸುವ ಹಂಗು ಅದಕ್ಕಿಲ್ಲ. ಹುಳುವಿನ ಸೋಂಕಿದ್ದವರಲ್ಲಿ ಕ್ಷಯದ ಬಿಸಿಜಿ ಲಸಿಕೆಗೆ ದೇಹ ಸ್ಪಂದಿಸುವುದು ಕುಗ್ಗಿರುವುದನ್ನು ಇಥಿಯೋಪಿಯಾದ ಅಧ್ಯಯನ ತೋರಿಸಿದೆ. ಟಿಜಿಎಂ ಅನುಕರಿಸುವ ಟಿಜಿಎಫ್-ಬೀಟಾದ ಸಂದೇಶ ಅತಿಯಾದರೆ ಅಂಗಾಂಶ ಗಡುಸಾಗುತ್ತದೆ, ಕ್ಯಾನ್ಸರ್ ಮೇಲಿನ ಕಾವಲೂ ಸಡಿಲವಾಗುತ್ತದೆ. ಹುಳು ತಾನಿರುವ ಜಾಗದಲ್ಲಿ ತೊಟ್ಟುತೊಟ್ಟಾಗಿ ಸುರಿಸುವುದನ್ನು ನಾವು ಸೂಜಿಯಿಂದ ಮೈಯೆಲ್ಲ ಹರಡಿದರೆ ಅದೇ ಹದ ಉಳಿದೀತೆಂದು ನಂಬುವುದು ಹೇಗೆ? ಪ್ರಮಾಣ ತಗ್ಗಿಸಿ, ಉಸಿರಿನ ಮೂಲಕ ಶ್ವಾಸಕೋಶಕ್ಕಷ್ಟೇ ಕೊಡಬಹುದೆನ್ನುವ ಉತ್ತರ ನನಗೂ ಹಿಡಿಸುತ್ತದೆ. ಆದರೆ ಪರಕೀಯ ಪ್ರೋಟೀನನ್ನು ಮತ್ತೆಮತ್ತೆ ಕೊಟ್ಟರೆ ದೇಹ ಅದರ ವಿರುದ್ಧವೇ ಪ್ರತಿಕಾಯ ಕಟ್ಟಿಕೊಳ್ಳಬಹುದು. ಇನ್ನು, 2015ರಿಂದ ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಿರುವ ಹುಳು ನಿವಾರಕ ಅಲ್ಬೆಂಡಜೋಲ್ ಮಾತ್ರೆಯನ್ನು ಈ ಸಂಶೋಧನೆಯ ಹೆಸರು ಹೇಳಿ ಯಾರೂ ಅನುಮಾನಿಸಕೂಡದು. ಕೊಕ್ಕೆಹುಳು ಹೀರುವುದು ಮಗುವಿನ ರಕ್ತವನ್ನು. ಹುಳುವನ್ನೇ ತಡೆಯುವ ಲಸಿಕೆಯ ದಾರಿಯೂ ಇದೆ: ಟಿಜಿಎಂ ಸಿಕ್ಕ ಆ ಇಲಿಹುಳುವಿನ ಸ್ರಾವವನ್ನೇ ಲಸಿಕೆಯಾಗಿ ಚುಚ್ಚಿದಾಗ ಇಲಿಗಳು ಸೋಂಕನ್ನು ಪೂರ್ತಿ ಹೊರದಬ್ಬಿವೆ. ಹಣವೂ ಶ್ರಮವೂ ಮೊದಲು ಹರಿಯಬೇಕಾದದ್ದು ಆ ಕಡೆಗೆ.