ಕೆಂಪು ಶಾಯಿ

ನಮ್ಮ ಬೈಲಹೊಂಗಲ ಓಣ್ಯಾಗಿನ ತಮ್ಮ ಒಬ್ಬಾಂವ ಮಿಲ್ಟ್ರಿಯಿಂದ ಪೆನ್ಶನ್ ಇಲ್ಲದ ಬಂದಾನ. ರಜಾ ಮುಗದ ಮ್ಯಾಲೆ ತಡಾ ಮಾಡಿ ಹೋಗಿದ್ದಕ್ಕ ನಾಕು ಸಲ ಕೆಂಪು ಶಾಯಿ ಬಿತ್ತು. ಪೆನ್ಶನ್‌ಗೆ ಬೇಕಾದ 15 ವರ್ಷ ತುಂಬೂಕಿಂತ ಮೊದಲ ಡಿಸ್ಚಾರ್ಜ್. "ಹೊರಗ ಹಾಕ್ಯಾರಂತ" ಅಂತ ನಳದ ಹತ್ರ ಆಡಿಕೊಂಡವರು ನಾವ. ನಾನೂ ಅಂದೀನಿ, ಸುಳ್ಳ ಯಾಕ ಹೇಳ್ಲಿ.

ಆದ್ರ ಅಕ್ಕಾ, ವೀರೇಂದ್ರಕುಮಾರ ದುಬೆ ಅನ್ನೋ ಸೈನಿಕನ ಖಟ್ಲೆದಾಗ 2015ರಾಗ ಸುಪ್ರೀಂ ಕೋರ್ಟ್ ಹೇಳೇತಿ: ನಾಕು ಕೆಂಪು ನಮೂದು ಆದುವು ಅಂತ ಸೀದಾ ಮನಿಗೆ ಕಳಸೂಹಂಗಿಲ್ಲ. ವಿಚಾರಣೆ ಆಗಬೇಕು, ಎಷ್ಟು ವರ್ಷ ದುಡದಾನ, ಎಂಥಾ ಕಠಿಣ ಜಾಗಾದಾಗ ಇದ್ದ, ನೋಡಬೇಕು. ಅಂವ ನಮ್ಮ ಬಾಯಿಗೆ ಅಂಜಿ ಕಾಗದ ಟ್ರಂಕಿನ್ಯಾಗ ಇಟ್ಟು ಕುಂತಾನ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಆರು ತಿಂಗಳದಾಗ ಅರ್ಜಿ ಹಾಕಬೇಕಂತ, ತಡಾ ಆದ್ರ ಕಾರಣ ಹೇಳಬೇಕು. ಸೋಮವಾರ ಅಂವನ ಹೆಂಡ್ತಿ ಜೋಡಿ ಬೆಳಗಾವಿ ಸೈನಿಕ ಕಲ್ಯಾಣ ಆಫೀಸಿಗೆ ನಾ ಹೊಂಟೀನಿ. ಬಸ್ಸಂತೂ ನಮಗ ಪುಕ್ಕಟ ಐತಿ.